ಅಳತೆಗೊಂದು ಹಳೆಯ ಚಣ್ಣ

ಮನುಷ್ಯನ ಬಗ್ಗೆ ಊರಿಗೆ ಗೊತ್ತಿರುವುದು ಬೇರೆ, ಅವನ ಚಣ್ಣದ ಲಾಡಿಗೆ ಗೊತ್ತಿರುವುದು ಬೇರೆ. ದೇವದುರ್ಗದಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ನನ್ನ ಗೆಳೆಯ ಗಡಿಗೆಪ್ಪನನ್ನು ಜನ ಸೊಕ್ಕಿನವನೆಂದೇ ತಿಳಿದಿದ್ದರು. ಅವನ ಹೆಂಡತಿ ಬಸವಂತಮ್ಮನ ತವರಾದ ಮಾನ್ವಿಯಲ್ಲಂತೂ ಅವನಿಗೆ ‘ಒಂದ್ ಕೈ ಗಡಿಗೆಪ್ಪ’ ಎಂದೇ ಹೆಸರು. ಎರಡೂ ಕೈಯಲ್ಲಿ ಬೆಲ್ಲದ ಪೆಂಟೆ ಎತ್ತುವ ಮನುಷ್ಯನಿಗೆ ಈ ಹೆಸರು ಬಿದ್ದದ್ದು ಅವನ ಮದುವೆಯ ದಿನ.

ನಮ್ಮ ಕಡೆ ಮದುಮಗನಿಗೆ ಸುರಗಿ ನೀರು ಹಾಕುತ್ತಾರೆ. ಆ ಸ್ನಾನ ಮುಗಿದ ಮೇಲೆ ಅವನು ತೊಡುವುದೆಲ್ಲ ಹೆಣ್ಣಿನ ಕಡೆಯವರು ತಂದ ಹೊಸ ಬಟ್ಟೆ. ತಲೆಯ ರುಮಾಲಿನಿಂದ ಹಿಡಿದು ಯಾರಿಗೂ ಕಾಣದ್ದರವರೆಗೆ ಎಲ್ಲವೂ ಹೆಣ್ಣಿನ ತಂದೆಯ ಜವಾಬ್ದಾರಿ. ಗಡಿಗೆಪ್ಪನ ಮಾವ ಧಾರಾಳ ಮನುಷ್ಯ. ಮಾನ್ವಿಯ ಟೇಲರ್ ಮುಕರ್ರಂನ ಹತ್ತಿರ ನೀಲಿ ಬಿಳಿ ಪಟ್ಟಾಪಟ್ಟಿ ಚಣ್ಣ ಹೊಲಿಸಿದ್ದರು. ಹೊಲಿಗೆ ಗಟ್ಟಿ, ಬಟ್ಟೆ ಗಟ್ಟಿ, ಲಾಡಿ ಮಾತ್ರ ಲಾಡಿಯ ಜಾತಿಯದು. ತುದಿಗೆ ಗಂಟಿಲ್ಲದಿದ್ದರೆ ಲಾಡಿ ಸುಮ್ಮನಿರುವುದಿಲ್ಲ, ಸಡಿಲಾದೊಡನೆ ಇಲಿಯ ಹಾಗೆ ಸೊಂಟದ ಮಡಿಕೆಯೊಳಗೆ ಹೊಕ್ಕುಬಿಡುತ್ತದೆ. ಅವತ್ತು ಸರಿಯಾಗಿ ಹಿರಿಯರಿಗೆ ಕೈ ಮುಗಿಯುವ ಹೊತ್ತಿಗೆ ಹೊಕ್ಕಿತು.

ಧೋತ್ರದೊಳಗೆ ಚಣ್ಣ ಕೆಳಗಿಳಿಯತೊಡಗಿತ್ತು. ಗಡಿಗೆಪ್ಪ ಎಡಗೈಯಲ್ಲಿ ಸೊಂಟ ಹಿಡಿದು, ಬಲಗೈಯೊಂದನ್ನೇ ಹಣೆಗೆ ಮುಟ್ಟಿಸಿ, ಎದುರು ನಿಂತ ಮಾವನಿಗೆ ಪೊಲೀಸನ ಹಾಗೆ ಸಲಾಮು ಹೊಡೆದ. ಮಾವನ ಜೋಡಿಸಿದ ಕೈ ಹಾಗೇ ಕೆಳಗಿಳಿಯಿತು. ಮಂದಿ ಗುಜುಗುಜು ಎಂದರು. ಹಿಂದೆ ನಿಂತಿದ್ದ ನನಗೆ ಮಾತ್ರ ಸಂಗತಿ ಗೊತ್ತಾಯಿತು.

“ನಿಮ್ಮ ಮಾವಗ ಖರೇ ಹೇಳಿಬಿಡಲೇನು?” ಎಂದು ಕೇಳಿದೆ.

“ಬ್ಯಾಡಲೇ ಹನುಮಂತ್ರಾಯ. ಪ್ರೀತಿಲೆ ಹೊಲಿಸಿ ಕೊಟ್ಟಾನ. ಚಣ್ಣ ಕಳಚಿತು ಅಂದ್ರ ಅವನ ಮರ್ಯಾದಿ ಹೋಗತಾದ. ನನಗ ಸೊಕ್ಕು ಅಂದ್ರ ನಂದಷ್ಟೇ ಹೋಗತಾದ.”

ಹೆಂಡತಿಗೂ ಹೇಳಲಿಲ್ಲ. ಆಕೆ ಮಾತ್ರ ಪ್ರತಿ ಯುಗಾದಿಗೆ ಬೇವು ಬೆಲ್ಲದ ಜೊತೆ ಅದನ್ನೂ ಬಡಿಸುತ್ತಿದ್ದಳು: “ನಮ್ಮಪ್ಪಗ ಒಂದ್ ಸಲನಾದ್ರೂ ಎರಡೂ ಕೈ ಎತ್ತಲಿಲ್ಲ ನೀವು.” ಆಮೇಲೆ ಎತ್ತಲು ಹೋದರೆ, ಇಷ್ಟು ದಿನ ಇಲ್ಲದ್ದು ಈಗೇಕೆಂದು ಮಾವನೇ ಮುಖ ತಿರುಗಿಸುತ್ತಿದ್ದರು. ಹಾಗೇ ವರ್ಷಗಳು ಕಳೆದು ಮಾವ ಲಿಂಗೈಕ್ಯರಾದರು, ಗಡಿಗೆಪ್ಪನ ಪಡಸಾಲೆಯ ಗೋಡೆಯ ಮೇಲೆ ಫೋಟೋ ಆಗಿ ಕುಳಿತರು. ಫೋಟೋದಲ್ಲೂ ಅವರ ನೋಟ ಅಳಿಯನ ಕೈಗಳ ಮೇಲೆಯೇ ಇದ್ದಂತಿತ್ತು.

ಅಷ್ಟಾದರೂ ಗಡಿಗೆಪ್ಪ ಪಟ್ಟಾಪಟ್ಟಿ ಬಿಡಲಿಲ್ಲ, ಲಾಡಿಯ ತುದಿಗೆ ಗಂಟು ಹಾಕುವುದನ್ನು ಕಲಿತ. ಬಿಡುವುದಾದರೂ ಹೇಗೆ? ನಮ್ಮ ಕಾಲದಲ್ಲಿ ಚಣ್ಣವೆಂದರೆ ಬರೀ ಒಳಗಿನ ಬಟ್ಟೆಯಲ್ಲ. ಬಾವಿಗೆ ಹಾರಿದರೆ ಅದೇ ಈಜುವ ಬಟ್ಟೆ, ಕಬಡ್ಡಿಗೆ ಇಳಿದರೆ ಅದೇ ಆಟದ ಬಟ್ಟೆ, ಬೇಸಿಗೆಯ ಮಧ್ಯಾಹ್ನ ಕಟ್ಟೆಯ ಮೇಲೆ ಕುಳಿತರೆ ಅದೇ ಮರ್ಯಾದೆಯ ಬಟ್ಟೆ. ರಾಯಚೂರಿನ ಬಿಸಿಲಿಗೆ ಚಣ್ಣದಲ್ಲಿ ಕುಳಿತು ಮಾತಾಡಿದವನು ಬಡವನೆಂದು ಯಾರೂ ಅನ್ನುತ್ತಿರಲಿಲ್ಲ, ಪ್ಯಾಂಟಿನಲ್ಲಿ ಕುಳಿತವನೇ ಹುಚ್ಚ. ರಾತ್ರಿ ಮಾಳಿಗೆಯ ಮೇಲೆ ಸಾಲಾಗಿ ಮಲಗಿದರೆ ಗಾಳಿ ಒಂದು ಕಾಲಿನಿಂದ ಹೊಕ್ಕು ಇನ್ನೊಂದು ಕಾಲಿನಿಂದ ಹೊರಡುತ್ತಿತ್ತು. ಅದಕ್ಕೆ ಒಂದು ಕಿಸೆ ಬೇರೆ, ಹುರಿಗಡಲೆ, ಗೋಲಿ, ಬಸ್ಸಿನ ಚೀಟಿ ಎಲ್ಲ ಅದರಲ್ಲಿ. ನಾನು ಕಂಡಕ್ಟರ್ ಆಗಿದ್ದಾಗ ಎಷ್ಟೋ ಹಿರಿಯರು ಬಸ್ಸಿನಲ್ಲಿ ಧೋತ್ರ ಸರಿಸಿ, ಎರಡು ಪದರು ದಾಟಿ, ಆ ಕಿಸೆಯಿಂದ ಬೆಚ್ಚಗಿನ ನೋಟು ತೆಗೆದುಕೊಟ್ಟಿದ್ದಾರೆ. ಹರಿದ ಮೇಲೆ ಚಣ್ಣ ಸೈಕಲ್ಲು ಒರೆಸುವ ಅರಿವೆಯಾಗುತ್ತಿತ್ತು, ಇನ್ನೂ ಹರಿದರೆ ದೀಪದ ಬತ್ತಿ. ದುಡಿದು ದುಡಿದು ಬೆಳಕಾಗಿ ಹೋಗುವ ಬಟ್ಟೆ ಇನ್ನೊಂದಿಲ್ಲ.

ಹೀಗಿರುವಾಗ ಗಡಿಗೆಪ್ಪನ ಮಗಳು ಐಶ್ವರ್ಯಳ ಮದುವೆ ಗೊತ್ತಾಯಿತು. ಗಂಡು ಅಂಬರೀಶ, ರಾಯಚೂರಿನಲ್ಲಿ ಅಕ್ಕಿ ಗಿರಣಿ ನಡೆಸುವ ಚನ್ನವೀರ ಅವರ ಮಗ. ನಿಶ್ಚಯದ ಊಟ ಮುಗಿದ ಮೇಲೆ ಗಡಿಗೆಪ್ಪ ನನ್ನನ್ನು ಅಂಗಡಿಯ ಹಿಂದಕ್ಕೆ ಕರೆದು ಗಂಭೀರವಾಗಿ ಹೇಳಿದ:

“ಹನುಮಂತ್ರಾಯ, ಬಂಗಾರ ಹೆಚ್ಚು ಕಡಿಮಿ ಆಗ್ಲಿ, ಊಟದಾಗ ಉಪ್ಪು ಹೆಚ್ಚು ಕಡಿಮಿ ಆಗ್ಲಿ, ನಡೀತಾದ. ನನ್ನ ಅಳಿಯ ಸುರಗಿ ಮುಗಿಸಿ ಬಂದು ಎಲ್ಲಾರ ಮುಂದ ಎರಡೂ ಕೈ ಜೋಡಸ್ಬೇಕು. ನನಗ ಬಿದ್ದ ಹೆಸರು ಅವಗ ಬೀಳಬಾರ್ದು.”

ಅಳಿಯನ ಬಟ್ಟೆ ಖರೀದಿಗೆ ರಾಯಚೂರಿನ ಬಜಾರಿಗೆ ಹೋದೆವು. ಅಂಬರೀಶನೂ ಬಂದಿದ್ದ. ಅಂಗಿ, ಕೋಟು, ಬೂಟು ಎಲ್ಲವನ್ನೂ ತೊಟ್ಟು ನೋಡಿದ. ಕೊನೆಯ ವಸ್ತು ಉಳಿಯಿತು. ಗಡಿಗೆಪ್ಪ ಗಂಟಲು ಸರಿಪಡಿಸಿಕೊಂಡ.

“ಅಳಿಯಂದ್ರ, ನೀವು ಹೋಗಿ ಚಾ ಕುಡದು ಬರ್ರಿ.”

“ಈಗ ಕುಡದೀವಲ್ರಿ ಮಾವಾರ.”

“ಇನ್ನೊಂದು ಕುಡೀರಿ. ಇಲ್ಲಿ ಚಾ ಭಾಳ ಛಲೋ.”

ಹುಡುಗ ಸಂಭಾವಿತ, ಹೋದ. ಅಂಗಡಿಯ ಸೇಲ್ಸ್‌ಮನ್ ಕೇಳಿದ: “ಸೈಜ್ ಎಷ್ಟ್ರೀ ಸರ್? ಎಂಬತ್ತೈದೋ, ತೊಂಬತ್ತೋ?”

“ಏನಪಾ, ಸೊಂಟ ಕೇಳಾಕತ್ತೀಯೋ ತೂಕ ಕೇಳಾಕತ್ತೀಯೋ?”

“ಸೆಂಟಿಮೀಟರ್ ರೀ ಸರ್.”

ಗಡಿಗೆಪ್ಪ ಅಂಗೈಯಲ್ಲಿ ಹಿಡಿದ ಜೀರಿಗೆ ಎಷ್ಟೆಂದು ಹೇಳಬಲ್ಲ. ಆದರೆ ಮನುಷ್ಯನನ್ನು ಸೆಂಟಿಮೀಟರಿನಲ್ಲಿ ನೋಡಿದ ರೂಢಿ ಅವನಿಗಿರಲಿಲ್ಲ. ಸೇಲ್ಸ್‌ಮನ್ ಡಬ್ಬಿಗಳನ್ನು ತೆರೆದು ಹರಡಿದ. ಡಬ್ಬಿಯ ಮೇಲೆ ಒಬ್ಬ ಗಟ್ಟಿ ಮನುಷ್ಯ ಚಡ್ಡಿಯೊಂದರಲ್ಲೇ ನಿಂತು, ಬಾರದ ಬಸ್ಸಿನ ದಾರಿ ಕಾಯುವವನಂತೆ ದೂರಕ್ಕೆ ದಿಟ್ಟಿಸುತ್ತಿದ್ದ. ಒಳಗಿನ ಮಾಲು ನೋಡಿ ಗಡಿಗೆಪ್ಪನಿಗೆ ಗಾಬರಿ.

“ಇದು ಸಣ್ಣ ಹುಡುಗರ್ದಲ್ಲೇನು?”

“ಇಲ್ರೀ, ದೊಡ್ಡೋರ್ದೇ. ಹಿಗ್ಗತಾದ ನೋಡ್ರಿ.” ಸೇಲ್ಸ್‌ಮನ್ ಎರಡೂ ಕಡೆ ಜಗ್ಗಿ ಬಿಟ್ಟ. ಫಟ್ ಎಂದು ಸದ್ದಾಯಿತು. ಪಕ್ಕದಲ್ಲಿ ಸೀರೆ ನೋಡುತ್ತಿದ್ದ ಹೆಂಗಸರು ತಿರುಗಿದರು.

“ಇಷ್ಟು ಬಿಗಿ ಹಿಡಿದ್ರ ಉಂಡಿದ್ದು ಎಲ್ಲಿ ಹೋಗಬೇಕು? ಕಿಸೆ ಎಲ್ಲದ?”

“ಇದಕ್ಕ ಕಿಸೆ ಇರೂದಿಲ್ರೀ.”

“ಕಿಸೆ ಇಲ್ಲ, ಲಾಡಿ ಇಲ್ಲ, ಗಾಳಿ ಆಡಾಕ ದಾರಿ ಇಲ್ಲ. ಮತ್ತ ಏನದ ಇದರಾಗ?”

“ಕಂಪನಿ ಹೆಸರದ ರೀ,” ಎಂದು ಸೇಲ್ಸ್‌ಮನ್ ಸೊಂಟದ ಪಟ್ಟಿಯ ಅಕ್ಷರಗಳನ್ನು ತೋರಿಸಿದ. “ಸರ್, ಅವರು ಇಲ್ಲೇ ಅದಾರಲ್ಲ, ಅವರನ್ನೇ ಕೇಳ್ರಿ.”

“ಅಳಿಯಗ ಕೇಳಾದೇನೋ ತಮ್ಮಾ! ನಾಳೆ ಅವನ ಮುಂದ ಕುಂತು ನಾ ಊಟ ಮಾಡಬೇಕು.”

“ಹಂಗಾರ ಎಲ್ಲಾ ಸೈಜ್ ಒಂದೊಂದು ತಗೋರಿ.”

“ಬೀಗರು ಏನು ತಿಳಕೊಂಡಾರು? ಹುಡುಗ ದಿನಾ ಹಿಗ್ಗತಾನ, ಕುಗ್ಗತಾನ ಅಂತನೋ?”

ಅಷ್ಟರಲ್ಲಿ ಅಂಬರೀಶ ಬಂದ. ಗಡಿಗೆಪ್ಪ ಅವನನ್ನು ಮತ್ತೆ ಚಹಾಕ್ಕೆ ಕಳುಹಿಸಿದ. ಹುಡುಗ ಈ ಸಲ ನನ್ನ ಮುಖ ನೋಡಿ ಹೋದ.

ಅದೊಂದನ್ನು ಕೊಳ್ಳದೆಯೇ ಅಂಗಡಿಯಿಂದ ಹೊರಟೆವು. ದಾರಿಯಲ್ಲಿ ನಾನು ಐಶ್ವರ್ಯಳಿಂದಲೇ ಕೇಳಿಸು, ಆಕೆ ದಿನಾ ಸಂಜೆ ಹುಡುಗನ ಜೊತೆ ಫೋನಿನಲ್ಲಿ ಮಾತಾಡುತ್ತಾಳಲ್ಲ ಎಂದೆ. “ಮದಿವಿಗಿಂತ ಮೊದ್ಲ ಮಗಳ ಬಾಯಾಗ ಚಣ್ಣದ ಮಾತು ಆಡಸ್ಲೇನು? ನೀ ಮನಷ್ಯಾನೋ ಏನು?” ಎಂದು ನನಗೇ ಬೈದ. ಎಲ್ಲ ದಾರಿಗಳೂ ಮುಚ್ಚಿದಾಗ ನಮ್ಮಂಥವರು ಹಳೆಯ ದಾರಿಗೇ ಹೋಗುತ್ತೇವೆ. ಮಾನ್ವಿಯ ಬಸ್ಸು ಹತ್ತಿದೆವು.

ಮುಕರ್ರಂನ ಅಂಗಡಿ ಅದೇ ಜಾಗದಲ್ಲಿ ಅದೇ ಮಶೀನಿನೊಂದಿಗೆ ಇತ್ತು. ಗಡ್ಡ ಮಾತ್ರ ಬೆಳ್ಳಗಾಗಿತ್ತು. ಒಂದು ಕಾಲಕ್ಕೆ ಮೊಹರಮ್ಮಿನ ಅಲಾಯಿ ಹಬ್ಬ, ಯುಗಾದಿ ಬಂತೆಂದರೆ ಈ ಅಂಗಡಿಯ ಹೊರಗೆ ಹೊಲಿದ ಚಣ್ಣಗಳು ತೋರಣದ ಹಾಗೆ ತೂಗುತ್ತಿದ್ದವು. ಯಾರದು ಯಾವುದೆಂದು ಜನ ಜಗಳ ಮಾಡಿಯೇ ಒಯ್ಯುತ್ತಿದ್ದರು. ಈಗ ಅವನಿಗೆ ಶಾಲೆಯ ಹುಡುಗರ ಚೀಲದ ಜಿಪ್ಪು, ಸೀರೆಯ ಫಾಲು, ಇಷ್ಟೇ ಕೆಲಸ. ಗಡಿಗೆಪ್ಪ ವಿಷಯ ಹೇಳಿದ ಕೂಡಲೇ ಮುದುಕ ಎದ್ದು, ಕಪಾಟಿನ ತಳದಿಂದ ನೀಲಿ ಬಿಳಿ ಪಟ್ಟಿಯ ಥಾನು ಎಳೆದು, ಧೂಳು ಕೊಡವಿ, ಮೂಗಿಗೆ ಹಿಡಿದ.

“ವಾಸ್ನಿ ನೋಡ್ರಿ ಸಾಬ್. ಹೊಸಾ ಕೋರಾ ಬಟ್ಟಿ ವಾಸ್ನಿ. ಈಗಿನ ಡಬ್ಬಿ ಮಾಲಿಗಿ ಇದು ಬರ್ತದೇನು?”

ನಾವೂ ಮೂಸಿದೆವು. ಬೇಸಿಗೆ ರಜೆ, ಬಾವಿ ನೀರು, ಮಾಳಿಗೆಯ ಮೇಲಿನ ತಣ್ಣನೆಯ ಬೆಳಗು ಎಲ್ಲವೂ ಆ ಥಾನಿನೊಳಗೆ ಮಡಿಚಿಟ್ಟಂತಿತ್ತು.

“ಹೊಲೀತೀನಿ. ಅಳತಿಗಿ ಒಂದ್ ಹಳೇದು ತಂದು ಕೊಡ್ರಿ,” ಎಂದ ಮುಕರ್ರಂ.

ಟೇಲರ್ ಹಾಗೆ ಕೇಳುವುದು ಪದ್ಧತಿ. ಆದರೆ ಆ ಒಂದು ಮಾತಿನಿಂದ, ಹಿಂದೆಂದೂ ಒಂದು ಕಾಳು ಕದಿಯದ ಗಡಿಗೆಪ್ಪ ಕಳ್ಳನಾದ.

ಲಗ್ನಪತ್ರಿಕೆಯ ಮಾದರಿ ತೋರಿಸುವ ನೆಪದಲ್ಲಿ ರಾಯಚೂರಿನ ಬೀಗರ ಮನೆಗೆ ಹೋದೆವು. ಚನ್ನವೀರ ದೊಡ್ಡ ದೇಹದ, ಶುಭ್ರ ಧೋತ್ರದ, ಹಣೆತುಂಬ ವಿಭೂತಿಯ ಗಂಭೀರ ಮನುಷ್ಯ. ನಾನು ಅವರನ್ನು ಅಕ್ಕಿಯ ಮಾತಿಗೆ ಹಚ್ಚಿದೆ. ಗಡಿಗೆಪ್ಪ “ಬೀಗರ, ಮಾಳಗಿ ಮ್ಯಾಲಿಂದ ಊರು ಭಾಳ ಚಂದ ಕಾಣ್ತದಂತ” ಎಂದು ಎದ್ದು ಮೆಟ್ಟಿಲು ಹತ್ತಿದ. ಸುಡು ಮಧ್ಯಾಹ್ನ ಊರಿನ ಚಂದ ನೋಡಲು ಹೋದ ಬೀಗನನ್ನು ಚನ್ನವೀರ ವಿಚಿತ್ರವಾಗಿ ನೋಡಿದರು. ನಾನು ತವುಡಿನ ವಿಷಯ ಎತ್ತಿದೆ.

ಇಳಿದು ಬಂದಾಗ ಗಡಿಗೆಪ್ಪನ ಒಳ ಜೇಬು ಉಬ್ಬಿತ್ತು, ಮುಖ ಬೆವೆತಿತ್ತು. ಬಸ್ಸಿನಲ್ಲಿ ಕುಳಿತ ಮೇಲೆ ಮೆಲ್ಲಗೆ ತೋರಿಸಿದ. ಕಡುಗಪ್ಪು ಬಟ್ಟೆ, ಸೊಂಟಕ್ಕೆ ಕೆಂಪು ಪಟ್ಟಿ, ಪಟ್ಟಿಯ ಮೇಲೆ ಹೊಳೆಯುವ ಇಂಗ್ಲಿಷ್ ಅಕ್ಷರ.

“ಹಗ್ಗದ ಮ್ಯಾಲ ಇದೊಂದೇ ಇತ್ತು. ಹುಡುಗಂದೇ. ಕೆಂಪು ಪಟ್ಟಿ ನೋಡು. ವಯಸ್ಸಿನ ಹುಡುಗರು ಹಾಕೋದೇ ಇಂಥಾದು.”

ಮಾರನೆಯ ದಿನ ಅದನ್ನು ಮುಕರ್ರಂನಿಗೆ ಕೊಟ್ಟೆವು. ಅವನು ಒಂದು ಸಲ ನೋಡಿ ಗೋಡೆಯ ಮೊಳೆಗೆ ನೇತುಹಾಕಿದ. “ಆಯ್ತ್ರೀ,” ಎಂದ.

ನಮಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಬೀಗರ ಪಕ್ಕದ ಮನೆಯ ಅಂಬಮ್ಮ ಆ ಮಧ್ಯಾಹ್ನ ತನ್ನ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತ ಕುಳಿತಿದ್ದಳು. ಆಕೆ ಕಂಡದ್ದನ್ನು ಅಂಬರೀಶನ ತಾಯಿ ವಿಜಯಲಕ್ಷ್ಮಿಗೆ ಹೇಳಿದಳು. ಉಟ್ಟ ಬಟ್ಟೆ ಯಾರ ಕೈಗಾದರೂ ಸಿಕ್ಕರೆ ಮಾಟ ಮಾಡಿಸುತ್ತಾರೆಂಬ ಭಯ ನಮ್ಮ ಕಡೆಯ ತಾಯಂದಿರಿಗೆ ಇದ್ದೇ ಇದೆ. ಹೆಣ್ಣಿನ ತಂದೆ ಮದುವೆಗೆ ಮೊದಲು ಗಂಡಿನ ಒಳಗಿನ ಬಟ್ಟೆ ಒಯ್ದರೆ ಇನ್ನು ಕೇಳಬೇಕೆ? ಅಮಾವಾಸ್ಯೆ ಬೇರೆ ಹತ್ತಿರವಿತ್ತು.

ಎರಡು ದಿನ ಬಿಟ್ಟು ಗಡಿಗೆಪ್ಪನ ಮನೆಯ ಮುಂದೆ ಕ್ರೂಸರ್ ಗಾಡಿ ಬಂದು ನಿಂತಿತು. ಇಳಿದವರು ಚನ್ನವೀರ, ವಿಜಯಲಕ್ಷ್ಮಿ, ಅಂಬರೀಶ, ಸಾಕ್ಷಿಯಾಗಿ ಅಂಬಮ್ಮ. ಬಸವಂತಮ್ಮ ನೀರು ಕೊಡಲು ಹೋದರೆ ವಿಜಯಲಕ್ಷ್ಮಿ ತಂಬಿಗೆ ಮುಟ್ಟಲಿಲ್ಲ.

“ನೋಡ್ರಿ ಬಸವಂತಮ್ಮಾರ, ನಿಮ್ಮ ಹುಡುಗಿನ್ನ ಮನಿಗಿ ತರಾಕತ್ತೀವಿ, ನಮ್ಮ ಹುಡುಗನ್ನ ಕಳಕೊಳ್ಳಾಕತ್ತಿಲ್ಲ. ಉಟ್ಟ ಬಟ್ಟಿ ಒಯ್ದು ಯಾರ ಕೈಯಾಗ ಕೊಟ್ಟಾರ ನಿಮ್ಮ ಯಜಮಾನರು? ಈ ವಾರ ನನ್ನ ಮಗ ಸರಿಯಾಗಿ ಉಂಡಿಲ್ಲ.”

“ಯವ್ವಾ, ಅವತ್ತು ಬಜಾರದಾಗ ಮಾವಾರು ಮ್ಯಾಲಿಂದ ಮ್ಯಾಲ ಚಾ ಕುಡಿಸ್ಯಾರ. ಪಿತ್ತ ಆಗ್ಯಾದ,” ಎಂದ ಅಂಬರೀಶ.

“ನೀ ಸುಮ್ಕಿರು! ಚಾದಾಗೂ ಏನು ಹಾಕಿದ್ರೋ.”

ಬಸವಂತಮ್ಮ ಗಂಡನ ಕಡೆ ತಿರುಗಿದಳು. “ಏನ್ರೀ ಇದು? ನೀವು ಬೀಗರ ಮನ್ಯಾಗ ಚಡ್ಡಿ ಕದ್ದೀರೇನು?”

ಗಡಿಗೆಪ್ಪ ಮಾವನ ಫೋಟೋ ನೋಡಿದ. ಅಲ್ಲಿಂದ ಸಹಾಯ ಬರಲಿಲ್ಲ. ಅಂಬಮ್ಮ ಮುಂದೆ ಬಂದಳು.

“ನನ್ನ ಕಣ್ಣಿಲೆ ನೋಡೀನ್ರೆವ್ವಾ. ಹಗ್ಗದಿಂದ ತಗದು, ಬಿಸಲಿಗಿ ಎತ್ತಿ ಹಿಡದು, ಒಳಗ ಇಣಿಕಿ ನೋಡಿ, ಬಾಯಾಗ ಪಿಟಿಪಿಟಿ ಮಂತ್ರ ಅಂದ್ರು. ಕಿಸೆದಾಗ ಇಟಗೊಂಡ್ರು.”

ಚನ್ನವೀರ ತಮ್ಮ ಹೊಳೆಯುವ ಕೋಲನ್ನು ನೆಲಕ್ಕೆ ಕುಟ್ಟಿದರು. “ಗಡಿಗೆಪ್ಪನವರ, ವಿಭೂತಿ ಮುಟ್ಟಿ ಹೇಳ್ರಿ. ಇಲ್ಲಂದ್ರ ಈ ಮದಿವಿ ಇಲ್ಲಿಗೇ ಮುಗೀತು.”

ಗಡಿಗೆಪ್ಪ ಏನೆಂದು ಹೇಳಿಯಾನು? ಬೀಗತಿಯ ಮುಂದೆ, ಅಳಿಯನ ಮುಂದೆ, ಆ ಮಾತು ಹೇಗೆ ಆಡಬೇಕು? ಕಂಡಕ್ಟರ್ ಕೆಲಸದಲ್ಲಿ ನಾನು ಕಲಿತದ್ದು ಒಂದೇ, ಒಳಗೆ ಜಗಳ ಹತ್ತಿದರೆ ಗಾಡಿ ನಿಲ್ಲಿಸಲು ಸೀಟಿ ಊದಬೇಕು. ಊದಿದೆ.

“ಅಳತಿಗಿ ಒಯ್ದಾನ್ರೀ! ಮದುಮಗಗ ಚಣ್ಣ ಹೊಲಸಾಕ! ಮಂತ್ರ ಅಲ್ಲ, ಒಳಗಿನ ಚೀಟಿ ಮ್ಯಾಲಿನ ಇಂಗ್ಲಿಷ್ ಓದಾಕತ್ತಿದ್ದ. ಅವನ ಇಂಗ್ಲಿಷು ಮಂತ್ರದಂಗೇ ಕೇಳಸತಾದ.”

ಅಷ್ಟರಲ್ಲಿ ಅಡುಗೆಮನೆಯಿಂದ ಐಶ್ವರ್ಯಳ ದನಿ ಸ್ಪಷ್ಟವಾಗಿ ಕೇಳಿತು:

“ತೊಂಬತ್ತು.”

ಎಲ್ಲರ ಕುತ್ತಿಗೆ ಆ ಕಡೆ ತಿರುಗಿತು. ಬಸವಂತಮ್ಮ ಎದೆ ಹಿಡಿದುಕೊಂಡಳು. “ನಿನಗೆಂಗ ಗೊತ್ತು ಬೇ?”

“ಅವರ ಹುಟ್ಟಿದ ದಿನಕ್ಕ ಫೋನಿನಾಗ ಪ್ಯಾಂಟು ತರಿಸಿದ್ದೆ. ಅವಾಗ ಸೊಂಟದ ಅಳತಿ ಸೆಂಟಿಮೀಟರಿನಾಗ ಕೇಳಿದ್ದೆ. ನನ್ನ ಕೇಳಿದ್ರ ಅವತ್ತೇ ಹೇಳತಿದ್ದೆ.”

ಅಂಬರೀಶ ಛಾವಣಿಯ ಫ್ಯಾನಿನ ರೆಕ್ಕೆಗಳನ್ನು ಎಣಿಸತೊಡಗಿದ. ವಿಜಯಲಕ್ಷ್ಮಿಗೆ ಮಾತ್ರ ನಂಬಿಕೆ ಬರಲಿಲ್ಲ. “ಬಟ್ಟಿ ಕಣ್ಣಿಲೆ ನೋಡೋತನ ನಾನು ಒಪ್ಪೂದಿಲ್ಲ” ಎಂದರು. ಎಲ್ಲರೂ ಕ್ರೂಸರ್ ಹತ್ತಿದೆವು. ಒಂದು ಚಡ್ಡಿಯನ್ನು ನೋಡಲು ಎರಡು ಮನೆತನಗಳು ಒಂದೇ ಗಾಡಿಯಲ್ಲಿ ಮಾನ್ವಿಗೆ ಹೋದದ್ದು ನಮ್ಮ ತಾಲ್ಲೂಕಿನಲ್ಲಿ ಅದೇ ಮೊದಲಿರಬೇಕು.

ಇಷ್ಟು ಗಿರಾಕಿಗಳು ಒಟ್ಟಿಗೆ ಬಂದದ್ದು ಕಂಡು ಮುಕರ್ರಂನ ಕಣ್ಣು ಅರಳಿತು. “ಅರೇ ಬರ್ರಿ, ಬರ್ರಿ! ಎಲ್ಲಾರಿಗೂ ಹೊಲೀಬೇಕೇನ್ರಿ?”

ಮೊಳೆಯ ಮೇಲೆ ಕೆಂಪು ಪಟ್ಟಿ ಹೊಳೆಯುತ್ತಿತ್ತು. ವಿಜಯಲಕ್ಷ್ಮಿ ಹತ್ತಿರ ಹೋಗಿ ನೋಡಿದರು. ತಿರುಗಿ ಗಂಡನನ್ನು ನೋಡಿದರು. ಚನ್ನವೀರ ಅಷ್ಟು ಹೊತ್ತಿಗೆ ಬಾಗಿಲ ಹೊರಗೆ ನಿಂತು ರಸ್ತೆಯ ಆಚೆಗಿನ ಬೇವಿನ ಮರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

“ಇದು ಹುಡುಗಂದಲ್ಲ,” ಎಂದರು ವಿಜಯಲಕ್ಷ್ಮಿ ಮೆಲ್ಲಗೆ. “ಇದು ಇವರದು.”

“ಯಪ್ಪಾ!” ಎಂದ ಅಂಬರೀಶ. “ಕೆಂಪು ಪಟ್ಟಿ?”

“ಗಿರಣಿ ಮಾಲಕರು ಎಲ್ಲಾ ಕೂಡಿ ಟೂರ್ ಹೋಗಿದ್ದಿವಿ,” ಎಂದರು ಚನ್ನವೀರ, ಮರಕ್ಕೇ ಹೇಳುವವರಂತೆ. “ಎಲ್ಲಾರೂ ತಗೊಂಡ್ರು. ನಾನೊಬ್ನೇ ಹೆಂಗ ಬಿಡ್ಲಿ?”

“ಅಯ್ಯ ಶಿವನ! ಹಂಗಾರ ಮಾಟ ಇವರಿಗೇ ಆಗ್ಯಾದ!” ಎಂದು ವಿಜಯಲಕ್ಷ್ಮಿ ಗಂಡನ ರಟ್ಟೆ ಹಿಡಿದರು. “ಅದಕ್ಕೇ ನಾಕು ದಿನದಿಂದ ನಾ ಹೇಳಿದ್ದಕ್ಕೆಲ್ಲಾ ಹೂಂ ಅನ್ನಾಕತ್ಯಾರ!”

ಮೊದಲು ನಕ್ಕವನು ಅಂಬರೀಶ. ಆಮೇಲೆ ಯಾರೂ ಯಾರನ್ನೂ ತಡೆಯಲಾಗಲಿಲ್ಲ. ಅಂಬಮ್ಮ ಮಾತ್ರ ನಗಲಿಲ್ಲ. ಆಕೆಯ ಸಾಕ್ಷ್ಯ ಹಾಳಾಗಿತ್ತು.

ಅಂಬರೀಶ ಹೊಲಿದಿಟ್ಟ ಪಟ್ಟಾಪಟ್ಟಿ ಚಣ್ಣ ಎತ್ತಿ ನೋಡಿದ. ಬದಿಯಲ್ಲಿ ಕೈ ಆಡಿಸಿದ, ಕೈ ಕಿಸೆಯೊಳಗೆ ಹೋಯಿತು. ಅವನ ಮುಖ ಒಮ್ಮೆಲೇ ಸಣ್ಣ ಹುಡುಗನದಾಯಿತು.

“ನಮ್ಮ ಮುತ್ಯಾ ಇಂಥಾದ್ರಾಗೇ ಪೆಪ್ಪರಮಿಂಟು ಇಟಗೊಂತಿದ್ದ ರೀ ಮಾವಾರ. ಮೊಮ್ಮಕ್ಕಳೆಲ್ಲಾ ಅವನ ಸೊಂಟ ಹಿಡದೇ ತಿರಗತಿದ್ದಿವಿ. ಬೆವರಿಗಿ ಕರಗಿ ಬಟ್ಟಿಗಿ ಅಂಟತಿದ್ದುವು, ಆದ್ರೂ ತಿಂತಿದ್ದಿವಿ. ನನಗ ಡಬ್ಬಿದು ಬ್ಯಾಡ. ಇದೇ ಇರ್ಲಿ.”

“ಆದ್ರ ಅಳತಿ ತಪ್ಪ್ಯಾದಲ್ಲ!” ಎಂದ ಗಡಿಗೆಪ್ಪ. “ಮುಕರ್ರಂ, ನೀ ಬೀಗರ ಅಳತಿಗಿ ಹೊಲದೀದಿ.”

ಮುಕರ್ರಂ ಆಶ್ಚರ್ಯದಿಂದ ನೋಡಿದ. “ಬೀಗರ ಅಳತಿ ಯಾಕ್ರೀ ಸಾಬ್? ನಂದು ಒಂದೇ ಅಳತಿ. ನಿಮಗೂ ಅದೇ, ನಿಮ್ಮ ಮಾವಗೂ ಅದೇ, ಪೈಲ್ವಾನಗೂ ಅದೇ. ಲಾಡಿ ಇರೋತನ ಅಳತಿ ಯಾತಕ್ಕ?”

“ಮತ್ತ ಅಳತಿಗಿ ಹಳೇದು ಯಾಕ ಕೇಳಿದೆಪಾ?”

“ಕೇಳಬೇಕಲ್ರೀ? ನಾ ಟೇಲರ್ ಅಲ್ಲೇನು?”

ಗಡಿಗೆಪ್ಪ ಅಲ್ಲೇ ಸ್ಟೂಲಿನ ಮೇಲೆ ಕುಸಿದ. ಸ್ವಲ್ಪ ಹೊತ್ತು ಬಿಟ್ಟು, ಹೊಲಿದಿಟ್ಟ ಒಂದೊಂದೇ ಚಣ್ಣವನ್ನು ಎತ್ತಿ, ಲಾಡಿಯ ಎರಡೂ ತುದಿಗೆ ತಾನೇ ಗಂಟು ಹಾಕಿದ. ಹಲ್ಲಿನಿಂದ ಕಚ್ಚಿ ಬಿಗಿ ಮಾಡಿದ. ಯಾಕೆಂದು ಯಾರೂ ಕೇಳಲಿಲ್ಲ. ನಾನು ಕೇಳುವ ಅಗತ್ಯವಿರಲಿಲ್ಲ.

ದೇವದುರ್ಗದ ಕಲ್ಯಾಣ ಮಂಟಪದಲ್ಲಿ ಮದುವೆ. ಸುರಗಿ ಮುಗಿಯಿತು. ಬೀಗರ ಕಡೆಯ ಹೆಂಗಸರು ಪರಾತದ ತಟ್ಟೆಯಲ್ಲಿಟ್ಟ ಬಟ್ಟೆಗಳನ್ನು ಒಂದೊಂದಾಗಿ ಎತ್ತಿ ನೋಡಿ, ಇಸ್ತ್ರಿ ಹೊಡೆದ ಪಟ್ಟಾಪಟ್ಟಿ ಚಣ್ಣಕ್ಕೆ ಬಂದಾಗ ಸೆರಗು ಬಾಯಿಗಿಟ್ಟು ನಕ್ಕು, ಒಳಗೆ ಕಳುಹಿಸಿದರು. ಅಂಬರೀಶ ರೇಷ್ಮೆ ಧೋತ್ರ ಉಟ್ಟು, ರುಮಾಲು ಸುತ್ತಿ ಹೊರಬಂದ. ಗಡಿಗೆಪ್ಪ ನನ್ನ ಕೈ ಹಿಡಿದುಕೊಂಡ.

“ಈಗ ನೋಡು. ಎರಡೂ ಕೈ.”

ಹಿರಿಯರ ಸಾಲು ಎದುರಿಗಿತ್ತು. ಬಸವಂತಮ್ಮನ ತವರಿನವರೆಲ್ಲ ಮಾನ್ವಿಯಿಂದ ಬಂದು ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಅಂಬರೀಶ ಮುಂದೆ ಬಂದು ನಿಂತ. ಬಲಗೈ ಎತ್ತಿ ಹಣೆಗೆ ಮುಟ್ಟಿಸಿದ.

ಎಡಗೈ ಸೊಂಟದಲ್ಲೇ ಇತ್ತು.

ಮಂಟಪ ಗುಜುಗುಜು ಎಂದಿತು. “ನೋಡ್ರೆಪಾ, ಮಾವನಂಗೇ ಅಳಿಯ,” ಎಂದ ಮಾನ್ವಿಯ ಒಬ್ಬ ಮುದುಕ. “ಈ ಮನೀಗಿ ಒಂದ್ ಕೈಯವರೇ ಸಿಗತಾರ.” ಚನ್ನವೀರರ ಮುಖ ಕೆಂಪಾಯಿತು. “ಲೇ ಅಂಬರೀಶ, ಕೈಗಿ ಏನಾಗ್ಯಾದ? ನೆಟ್ಟಗ ಮುಗಿ!” ಎಂದು ಗದರಿಸಿದರು. ಹುಡುಗ ಮತ್ತೆ ಒಂದೇ ಕೈ ಎತ್ತಿದ. ಹಣೆಯಿಂದ ಬೆವರು ಇಳಿಯುತ್ತಿತ್ತು.

ಆ ಸಭೆಯಲ್ಲಿ ಆ ಬೆವರಿನ ಅರ್ಥ ಗೊತ್ತಿದ್ದವರು ನಾವಿಬ್ಬರೇ. ಗಡಿಗೆಪ್ಪ ನನ್ನ ಕೈ ಬಿಟ್ಟು ಹೆಂಡತಿಯ ಹತ್ತಿರ ಓಡಿದ.

“ಪಿನ್ನು ಕೊಡು.”

“ಯಾಕ್ರೀ?”

“ಕೊಡು ಬೇ!” ಎಂದು ಆಕೆಯ ಸೆರಗಿನ ಪಿನ್ನು ತಾನೇ ಬಿಚ್ಚಿಕೊಂಡು, ಅಳಿಯನ ರಟ್ಟೆ ಹಿಡಿದು ಪರದೆಯ ಹಿಂದೆ ಎಳೆದೊಯ್ದ. ಸೆರಗು ಹಿಡಿದುಕೊಂಡು ಬಸವಂತಮ್ಮ ಹಿಂದೆಯೇ ಹೋದಳು. ಆಕೆಯ ಹಿಂದೆ ನಾನು. ನಾವಿಬ್ಬರೂ ಪರದೆಯ ಈಚೆ ನಿಂತೆವು.

“ಎಡಕಿನ ತುದಿಯೋ, ಬಲಕಿಂದೋ?” ಗಡಿಗೆಪ್ಪನ ದನಿ.

“ಎಡಕಿಂದು ಒಳಗ ಹೋಗ್ಯಾದ ರೀ ಮಾವಾರ.”

“ಹೆದರಬ್ಯಾಡ್ರಿ. ಹೊಟ್ಟಿ ಒಳಗ ಎಳಕೋರಿ. ಅಲುಗಾಡಬ್ಯಾಡ್ರಿ. ಮಡಿಕಿ ಸುಕ್ಕು ಮಾಡಿಕೋತ ಬರಬೇಕು, ಅವಸರ ಮಾಡಬಾರ್ದು... ಹಾಂ, ಬಂತು ಬಂತು... ಸಿಕ್ತು! ಗಂಟು ಹಾಕತೀನಿ ತಡೀರಿ. ಎರಡೂ ಕಡಿ ಹಾಕತೀನಿ.”

“ಎಲ್ಲಾರೂ ಸೊಕ್ಕು ಅಂದ್ರು. ನಿಮಗೆಂಗ ತಿಳೀತ್ರೀ ಮಾವಾರ?”

“ನನ್ನ ಮದಿವ್ಯಾಗ,” ಎಂದ ಗಡಿಗೆಪ್ಪ, “ಪಿನ್ನು ತರಾವರು ಯಾರೂ ಇರಲಿಲ್ಲ.”

ಬಸವಂತಮ್ಮನ ಕೈ ಪರದೆಯ ಮೇಲೆ ಹಾಗೇ ನಿಂತಿತು. ಅಂಬರೀಶ ಹೊರಗೆ ಬಂದ ಮೇಲೆ ಆಕೆ ಒಳಗೆ ಹೋದಳು.

“ಅವತ್ತು... ನಮ್ಮಪ್ಪನ ಮುಂದ...?”

“ಹೂಂ.”

“ಇಷ್ಟು ವರ್ಷ ಬೈದೀನಲ್ರೀ! ಹಬ್ಬ ಹುಣ್ಣಿವಿ ಬಿಡದಂಗ ಬೈದೀನಿ. ಯಾಕ ಹೇಳಲಿಲ್ಲ?”

“ನಿಮ್ಮಪ್ಪ ಕೊಟ್ಟ ಬಟ್ಟಿ ಬೇ ಅದು. ಹೆಂಗ ಹೇಳ್ಲಿ?” ಆಮೇಲೆ ಪಿನ್ನನ್ನು ತಿರುಗಿಸಿ ತಿರುಗಿಸಿ ನೋಡುತ್ತ ಗೊಣಗಿದ. “ಆದ್ರ ಈ ಸಲ ಗಂಟು ಹಾಕಿದ್ದೆ. ಹಲ್ಲಿಲೆ ಕಚ್ಚಿ ಹಾಕಿದ್ದೆ. ಹೆಂಗ ಬಿಚ್ಚಿತೋ.”

ಬಸವಂತಮ್ಮ ತಲೆ ತಗ್ಗಿಸಿದಳು. “ನಾನೇ ಬಿಚ್ಚೀನ್ರೀ. ಇಸ್ತ್ರಿ ಮಾಡೋ ಮುಂದ. ಗಂಟು ಗಂಟು ಇದ್ರ ಬೀಗರ ಕಡ್ಯಾವರು ಏನಂದಾರು ಅಂತ, ನೆಟ್ಟಗ ಮಾಡಿ ಇಟ್ಟೆ.” ಆಮೇಲೆ ದೂರದ ಏನನ್ನೋ ಕಂಡವಳಂತೆ ಹೇಳಿದಳು: “ಅವತ್ತೂ ನಮ್ಮವ್ವ ರಾತ್ರಿ ಕುಂತು ತಂಬಿಗ್ಯಾಗ ಕೆಂಡ ಹಾಕಿ ನಿಮ್ಮ ಬಟ್ಟಿ ಇಸ್ತ್ರಿ ಮಾಡಿದ್ಲು.”

ಗಡಿಗೆಪ್ಪ ಆಕೆಯನ್ನು ನೋಡಿದ. ಇಬ್ಬರಿಗೂ ನಗು ಬಂತು. ಆಕೆಯ ನಗು ಅರ್ಧಕ್ಕೆ ಬಂದು ಬೇರೆಯಾಯಿತು, ಪಿನ್ನಿಲ್ಲದ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ನಾನು ಪರದೆ ಎಳೆದು ಈಚೆ ಬಂದೆ.

ಹೊರಗೆ ಅಂಬರೀಶ ಎರಡೂ ಕೈ ತಲೆಯ ಮೇಲೆತ್ತಿ, ಹಿರಿಯರು, ಕಿರಿಯರು, ಅಡುಗೆ ಭಟ್ಟರು ಎನ್ನದೆ ಎಲ್ಲರಿಗೂ ಮುಗಿಯುತ್ತಿದ್ದ. ಸಾಕೆಂದರೂ ಬಿಡುತ್ತಿರಲಿಲ್ಲ. ವಿಜಯಲಕ್ಷ್ಮಿ ಬೆರಗಾಗಿ ಅಂಬಮ್ಮನ ಕಿವಿಯಲ್ಲಿ ಹೇಳಿದರು: “ನೋಡಿದಿ ಇಲ್ಲೋ? ಬೀಗರು ಒಳಗ ಒಯ್ದು ಏನೋ ಮಾಡಿದ್ರು, ಹುಡುಗ ಒಮ್ಮಿಗೇ ಬ್ಯಾರೆ ಆದ.”

ಅಂಬಮ್ಮ ಗೆದ್ದವಳಂತೆ ಕತ್ತು ನೆಟ್ಟಗೆ ಮಾಡಿದಳು. “ನಾ ಅವತ್ತೇ ಹೇಳಿದ್ನಿಲ್ಲೇನು?”

ಮದುವೆಯ ಮಂದಿಯೆಲ್ಲ ಚದುರಿದ ಮೇಲೆ ನಾನು ಗಡಿಗೆಪ್ಪನ ಮನೆಗೆ ಹೋದೆ. ಬಸವಂತಮ್ಮ ತಂದೆಯ ಫೋಟೋವನ್ನು ಒರೆಸಿ, ಮದುವೆಯಲ್ಲಿ ಉಳಿದ ಹೂವಿನ ಹಾರ ಹಾಕಿ, ದೀಪ ಹಚ್ಚಿದ್ದಳು. ಗಂಡನ ಕಡೆ ನೋಡಿದಳು. ಗಡಿಗೆಪ್ಪ ಎದ್ದು ಫೋಟೋದ ಮುಂದೆ ನಿಂತ. ಮೊದಲು ಸೊಂಟಕ್ಕೆ ಕೈ ಹಾಕಿ ಗಂಟು ಇದೆಯೇ ಎಂದು ಮುಟ್ಟಿ ನೋಡಿಕೊಂಡ.

ಆಮೇಲೆ ಎರಡೂ ಕೈ ಎತ್ತಿದ.